ಹೆಸರು ಕತ್ತರಿಸಿದ ಶೀಟು

ಶಿವಮೊಗ್ಗ ಜಿಲ್ಲೆಯ ಸಾಗರದ ಆಚೆಗಿನ ಒಂದು ಊರು, ನವೆಂಬರ್ ಕೊನೆ. ಮನೆಮನೆಯಲ್ಲೂ ಅಡಿಕೆ ಸುಲಿತದ ಗಡಿಬಿಡಿ. 42 ವರ್ಷದ ಹೈಸ್ಕೂಲ್ ಗಣಿತ ಟೀಚರ್ ಒಬ್ಬರು ಶಾಲೆ ಮುಗಿಸಿ ಸ್ಕೂಟಿಯಲ್ಲಿ ಬರುವಾಗ, ಬಣ್ಣ ಬಳಿಯದ ಹಂಪು ಮುಸ್ಸಂಜೆಯಲ್ಲಿ ಕಾಣದೆ ಎಗರಿ ಬಿದ್ದರು. ತಲೆಯ ಬಲಭಾಗ ರಸ್ತೆಗೆ ಬಡಿಯಿತು. ಹೆಲ್ಮೆಟ್ ಇತ್ತು, ಪೊಲೀಸರಿಗೆ ತೋರಿಸಲೆಂದೇ ಇಟ್ಟುಕೊಳ್ಳುವ ಟೋಪಿಯಂಥ ಅರ್ಧ ಹೆಲ್ಮೆಟ್. ಬಕಲ್ ಹಾಕಿರಲಿಲ್ಲ. ಬಿದ್ದದ್ದು ಅವರಿಗೆ ನೆನಪಿದೆ, ಎದ್ದದ್ದು ನೆನಪಿಲ್ಲ. ದಾರಿಹೋಕರು ಎಬ್ಬಿಸಿ ಮೋರಿ ಕಟ್ಟೆಯ ಮೇಲೆ ಕೂರಿಸಿದ್ದು, ನೀರು ಕೊಟ್ಟದ್ದು, ಗಂಡನ ಫೋನ್ ನಂಬರ್ ಕೇಳಿದ್ದು, ಹತ್ತೂ ಅಂಕಿಗಳನ್ನು ಇವರು ತಪ್ಪಿಲ್ಲದೆ ಹೇಳಿದ್ದು, ಸುಮಾರು ಇಪ್ಪತ್ತು ನಿಮಿಷದ ಈ ಯಾವುದೂ ತಲೆಯಲ್ಲಿ ಉಳಿದಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಸಲ ವಾಂತಿ. ಸಿ.ಟಿ. ಸ್ಕ್ಯಾನ್ ನಾರ್ಮಲ್. ಒಂದು ರಾತ್ರಿ ಇಟ್ಟುಕೊಂಡು ಮರುದಿನ ಮನೆಗೆ ಕಳಿಸಿದರು.

ವೈದ್ಯನಾಗಿ ನಾನು ಅವರನ್ನು ನೋಡಿದ್ದು ಇದಾಗಿ ಏಳನೇ ವಾರದಲ್ಲಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ನನ್ನ ಕಡೆಯಿಂದಲೂ ಇದರಲ್ಲಿ ಒಂದು ಎಡವಟ್ಟು ಇದೆ, ಅದನ್ನು ಬದಲಿಸಿಲ್ಲ.

"ಸ್ಕ್ಯಾನ್ ನಾರ್ಮಲ್ ಅಂದ್ರಲ್ಲ, ಮತ್ತೆ ಯಾಕೆ ಹೀಗೆ?" ಇದು ಕನ್ಕಷನ್, ಅಂದರೆ ತಲೆಗೆ ಪೆಟ್ಟು ಬಿದ್ದು ಮಿದುಳಿಗಾಗುವ ಒಳಪೆಟ್ಟು, ಆದ ಪ್ರತಿ ಮನೆಯಲ್ಲೂ ಕೇಳುವ ಪ್ರಶ್ನೆ. ಸಿ.ಟಿ.ಯಲ್ಲಿ ಕಾಣುವುದು ರಕ್ತಸ್ರಾವ, ಬಿರುಕು, ಊತ. ಕೋಶದೊಳಗಿನ ಏರುಪೇರು ಅದರಲ್ಲಿ ಕಾಣುವುದಿಲ್ಲ. ಪೆಟ್ಟು ಬಿದ್ದ ಗಳಿಗೆಯಲ್ಲಿ ನರಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೆ ನುಗ್ಗುತ್ತದೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಅವನ್ನು ಮತ್ತೆ ಅದರದರ ಜಾಗಕ್ಕೆ ಅಟ್ಟಲು ಕೋಶದ ಪಂಪುಗಳು ಬಿಡುವಿಲ್ಲದೆ ಓಡಬೇಕು, ಅದಕ್ಕೆ ಶಕ್ತಿ ಬೇಕು. ಅದೇ ಹೊತ್ತಿಗೆ ಮಿದುಳಿಗೆ ರಕ್ತದ ಹರಿವು ತಗ್ಗಿರುತ್ತದೆ. ತೋಟದವರಿಗೆ ನಾನು ಲೋ ವೋಲ್ಟೇಜಿನಲ್ಲಿ ಪಂಪ್‌ಸೆಟ್ ಹಾಕಿದ ಹಾಗೆ ಅನ್ನುತ್ತೇನೆ. ಮೋಟರು ಸುಟ್ಟಿಲ್ಲ, ಆದರೂ ನೀರು ಮೇಲೇರುವುದಿಲ್ಲ. ದೊಡ್ಡವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಸರಿಹೋಗುತ್ತಾರೆ. ನಾಲ್ಕು ವಾರ ದಾಟಿಯೂ ತೊಂದರೆ ನಿಂತಿಲ್ಲ ಅಂದರೆ ಬೇರೆ ಏನು ಸೇರಿಕೊಂಡಿದೆ ಎಂದು ಹುಡುಕಬೇಕು.

ಇವರ ಮೊದಲ ಹತ್ತು ದಿನ ಕತ್ತಲೆ ಕೋಣೆಯಲ್ಲಿ ಕಳೆಯಿತು. ಅತ್ತೆ ಕಿಟಕಿಗೆ ಸೀರೆ ಕಟ್ಟಿದರು. ತಲೆಗೆ ಸ್ನಾನ ಇಲ್ಲ, ಮೊಸರಿಲ್ಲ, ಫೋನಿಲ್ಲ, ಜಗುಲಿಗೂ ಬರುವ ಹಾಗಿಲ್ಲ. ಅತ್ತೆಯದು ಅಕ್ಕರೆಯೇ, ಮೊದಲೆಲ್ಲ ವೈದ್ಯರೂ ಹೀಗೇ ಹೇಳುತ್ತಿದ್ದರು. ಈಗ ಹೇಳುವುದಿಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕ್ರೀಡಾ ಕನ್ಕಷನ್ ತಜ್ಞರ ಒಮ್ಮತ ಇಷ್ಟು: ಮೊದಲ ಒಂದೆರಡು ದಿನ ಹಗುರಾದ ವಿಶ್ರಾಂತಿ ಸಾಕು, ಆಮೇಲೆ ತಲೆನೋವು ಹೆಚ್ಚಾಗದಷ್ಟು ನಡಿಗೆ ಶುರು ಮಾಡಬೇಕು. ಕತ್ತಲೆ ಕೋಣೆ ವಾಸದಿಂದ ಲಾಭವಿಲ್ಲ.

ಹಾಗಿದ್ದರೂ ಮೂರನೇ ವಾರದ ಹೊತ್ತಿಗೆ ಟೀಚರ್ ಸುಧಾರಿಸಿದ್ದರು. ಶಾಲೆಗೆ ಅರ್ಧ ದಿನ ಹೋಗಿ ಎಂಟನೇ ಕ್ಲಾಸಿಗೆ ಎರಡು ಪೀರಿಯಡ್ ತೆಗೆದುಕೊಂಡಿದ್ದರು. ಗದ್ದಲಕ್ಕೆ ತಲೆನೋವು ಬರುತ್ತಿತ್ತು, ಮಲಗಿದರೆ ಹೋಗುತ್ತಿತ್ತು. ನಾಲ್ಕನೇ ವಾರದಿಂದ ಮತ್ತೆ ಇಳಿಮುಖ. ಈ ತಿರುವೇ ಇಡೀ ಪ್ರಕರಣದ ಕೀಲಿ. ಒಳಪೆಟ್ಟಿನ ತೊಂದರೆ ಮೊದಲಿಗೆ ಜೋರಾಗಿದ್ದು ಬರಬರುತ್ತಾ ಇಳಿಯುತ್ತದೆ. ಇಳಿದದ್ದು ಮತ್ತೆ ಏರಿತು, ಮೊದಲಿಲ್ಲದ ಹೊಸ ತೊಂದರೆ ಬಂತು ಅಂದರೆ ಪೆಟ್ಟಿನ ತಲೆಗೆ ಕಟ್ಟಿ ಸುಮ್ಮನಾಗುವ ಹಾಗಿಲ್ಲ.

ನನ್ನ ಕ್ಲಿನಿಕ್ಕಿಗೆ ಬಂದ ದಿನ ಅವರನ್ನು ಗಂಡ ತೋಳು ಹಿಡಿದು ಕರೆತಂದರು. ಕೂತಲ್ಲೇ ತೂಕಡಿಕೆ. ಮಾತು ನಿಧಾನ. "ಬೋರ್ಡಿನ ಮೇಲೆ ಅಪವರ್ತನ ಬಿಡಿಸ್ತಾ ಇದ್ದೆ ಡಾಕ್ಟ್ರೇ, ಅರ್ಧಕ್ಕೆ ನಿಂತ್ಹೋಯ್ತು. ಮುಂದಿನ ಸಾಲು ಏನು ಅಂತ್ಲೇ ಹೊಳೀಲಿಲ್ಲ. ಮಕ್ಕಳೇ ಹೇಳಿದ್ರು." ತಲೆ ಸುತ್ತು, ಬೆಳಗ್ಗೆ ಹೊಟ್ಟೆ ತೊಳಸುವುದು, ದಿನಕ್ಕೆ ನಾಲ್ಕೈದು ಸಲ ನೀರುಭೇದಿ, ಕಣ್ಣು ಮಂಜು, ಹಗಲೆಲ್ಲಾ ನಿದ್ದೆ.

ಮೊದಲು ಬಂದ ಭಯ ನಿಧಾನ ರಕ್ತಸ್ರಾವದ್ದು. ತಲೆಗೆ ಪೆಟ್ಟಾಗಿ ವಾರಗಳ ಮೇಲೆ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಜಿನುಗಿ ಕಟ್ಟಿಕೊಳ್ಳುವುದುಂಟು. ವಯಸ್ಸಾದವರಲ್ಲಿ ಹೆಚ್ಚು, 42ಕ್ಕೆ ಅಪರೂಪ, ಆದರೆ ಮಂಪರು ಹೆಚ್ಚುತ್ತಿರುವ ಮನುಷ್ಯರ ಮುಂದೆ ಅಪರೂಪ ಅಂತ ಕೈಕಟ್ಟಿ ಕೂರಲಾಗುವುದಿಲ್ಲ. ಅವತ್ತೇ ಶಿವಮೊಗ್ಗಕ್ಕೆ ಕಳಿಸಿ ಮತ್ತೊಮ್ಮೆ ಸಿ.ಟಿ. ಮಾಡಿಸಿದೆ. ಅದೂ ನಾರ್ಮಲ್.

ಶಿವಮೊಗ್ಗಕ್ಕೆ ಹೊರಡುವ ಮೊದಲು ಒಂದು ಮಾತು ಕೇಳಿದ್ದೆ: ಏನೇನು ಮಾತ್ರೆ ತಗೊಳ್ತಾ ಇದ್ದೀರಿ? "ಮಾತ್ರೆ ಏನೂ ಇಲ್ಲ. ಬರೀ ವಿಟಮಿನ್ನು" ಅಂದರು. ಇರುವುದನ್ನೆಲ್ಲ ತನ್ನಿ ಅಂದೆ. ಗಂಡ ಸ್ಕೂಟರಿನ ಡಿಕ್ಕಿಯಿಂದ ಬಟ್ಟೆಯಂಗಡಿಯ ಕವರೊಂದನ್ನು ತಂದು ಮೇಜಿನ ಮೇಲೆ ಸುರಿದರು.

ಬಿದ್ದದ್ದು ಏಳು ಬಗೆ. ಒಂದೊಂದಕ್ಕೂ ಒಂದೊಂದು ಪ್ರೀತಿಯ ಮೂಲ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದ ಸಿಟಿಕೋಲಿನ್. ಮೆಡಿಕಲ್ ಶಾಪಿನವರು "ನರಕ್ಕೆ ಒಳ್ಳೇದು, ವಿಟಮಿನ್ನೇ" ಎಂದು ಕೊಟ್ಟ ಅರ್ಧ ಶೀಟು, ಬೆಳಗ್ಗೆ ಒಂದು ರಾತ್ರಿ ಒಂದು. ಭಾವ ತಂದುಕೊಟ್ಟ 60,000 ಯೂನಿಟ್ಟಿನ ವಿಟಮಿನ್ ಡಿ3 ಪುಡಿ. ನ್ಯೂಜೆರ್ಸಿಯಲ್ಲಿರುವ ತಂಗಿ, ಬರುವವರ ಕೈಲಿ ಕಳಿಸಿದ ಮೂರು ಡಬ್ಬಿ: ಮೆಗ್ನೀಸಿಯಂ, ಬಿ-100 ಎಂಬ ಬಿ ಕಾಂಪ್ಲೆಕ್ಸ್, ಒಮೆಗಾ-3. ಕೊನೆಯದಾಗಿ ಔಷಧಿಯ ಲೆಕ್ಕಕ್ಕೇ ಬಾರದ ಪ್ಯಾರಾಸಿಟಮಾಲ್ 650, ತಿಂಗಳಿಂದ ಹೆಚ್ಚುಕಡಿಮೆ ದಿನಾ. ಪಟ್ಟಿಯಲ್ಲಿಲ್ಲದ ಎಂಟನೆಯದು ನೆಲನೆಲ್ಲಿ ಕಷಾಯ. ಬಿ ಕಾಂಪ್ಲೆಕ್ಸ್ ಶುರುವಾದ ಮೇಲೆ ಮೂತ್ರ ಅರಿಶಿನದ ನೀರಿನಂತಾಗಿತ್ತು. ಅದು ಬಿ2, ಅಂದರೆ ರೈಬೋಫ್ಲೇವಿನ್, ದೇಹಕ್ಕೆ ಬೇಡವಾಗಿ ಹೊರಹೋಗುವ ಬಣ್ಣ ಅಷ್ಟೇ. ಅತ್ತೆ ಕಾಮಾಲೆ ಎಂದು ತಿಳಿದು ಕಷಾಯ ಮಾಡಿಕೊಟ್ಟಿದ್ದರು. ವಿಟಮಿನ್ನಿಗೆ ಕಷಾಯ, ಕಷಾಯಕ್ಕೆ ಹೊಟ್ಟೆ ತೊಳಸು, ತೊಳಸಿಗೆ ಇನ್ನೇನೋ. ಮನೆಗಳಲ್ಲಿ ಮಾತ್ರೆ ಮರಿ ಹಾಕುವುದು ಹೀಗೆ.

ಇವುಗಳಲ್ಲಿ ಯಾವುದಾದರೂ ಒಳಪೆಟ್ಟನ್ನು ಬೇಗ ವಾಸಿ ಮಾಡುತ್ತದೆಯೇ? ಮನುಷ್ಯರಲ್ಲಿ ಹಾಗೆ ಸಾಬೀತಾದ ಪೂರಕ (ಸಪ್ಲಿಮೆಂಟ್) ಒಂದೂ ಇಲ್ಲ. ಒಮೆಗಾ-3ರ ಬಗ್ಗೆ ಇಲಿಗಳಲ್ಲಿ ಒಳ್ಳೆಯ ಫಲಿತಾಂಶ ಬಂದಿದೆ ನಿಜ. ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ, ಕನ್ಕಷನ್ ಗುಣಪಡಿಸುತ್ತೇವೆ ಎಂದು ಮಾರುವ ಪೂರಕಗಳನ್ನು ನಂಬಬೇಡಿ ಎಂದು ಎಚ್ಚರಿಸಿತ್ತು. ಮಿದುಳಿನ ಟಾನಿಕ್ ಎಂದೇ ನಮ್ಮಲ್ಲಿ ಹೆಸರಾದ ಸಿಟಿಕೋಲಿನ್ನನ್ನು ಅಮೆರಿಕದಲ್ಲಿ ತಲೆಗೆ ಪೆಟ್ಟಾದ 1,213 ಜನರ ಮೇಲೆ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಾಲಿ ಮಾತ್ರೆಗಿಂತ ಏನೂ ಹೆಚ್ಚಿನ ಲಾಭ ಸಿಗಲಿಲ್ಲ. ಆದರೂ ಚೀಟಿಯಲ್ಲಿ ಅದು ಬರುತ್ತಲೇ ಇದೆ. ಕೈಗೆ ಏನೂ ಕೊಡದೆ ಕಳಿಸಿದರೆ ರೋಗಿಗೂ ಸಮಾಧಾನವಿಲ್ಲ, ವೈದ್ಯನಿಗೂ ಮುಜುಗರ. ನಾನೂ ಆ ಮುಜುಗರಕ್ಕೆ ಮಣಿದು ಬರೆದವನೇ.

ಮೇಜಿನ ಮೇಲಿನ ರಾಶಿಯಲ್ಲಿ ನನ್ನ ಕಣ್ಣು ಹೋದದ್ದು ಡಿ3 ಪುಡಿಯ ಮೇಲೆ. ವಾರಕ್ಕೊಂದು ಎಂದು ಕೊಟ್ಟದ್ದನ್ನು ದಿನಕ್ಕೊಂದರಂತೆ ಹಾಲಿಗೆ ಹಾಕಿ ಕುಡಿದವರನ್ನು ನೋಡಿದ್ದೇನೆ. ದೊಡ್ಡವರ ದಿನದ ಅಗತ್ಯ 600 ಯೂನಿಟ್, ಒಂದು ಪೊಟ್ಟಣದಲ್ಲೇ ಅದರ ನೂರು ಪಟ್ಟು ಇರುತ್ತದೆ. ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಸುಸ್ತು, ಮಂಕು, ತಲೆನೋವು ಎಲ್ಲ ಬರುತ್ತದೆ, ಥೇಟು ಒಳಪೆಟ್ಟಿನ ಹಾಗೆಯೇ. ಕಳ್ಳ ಸಿಕ್ಕ ಎಂದುಕೊಂಡೆ. ಭೇದಿ ಮಾತ್ರ ಹೊಂದುತ್ತಿರಲಿಲ್ಲ, ಕ್ಯಾಲ್ಸಿಯಂ ಏರಿದರೆ ಮಲಬದ್ಧತೆಯೇ ಜಾಸ್ತಿ. ಆದರೂ ರಕ್ತ ಕಳಿಸಿದೆ. ಕ್ಯಾಲ್ಸಿಯಂ 9.4, ಸರಿಯಾಗಿಯೇ ಇದೆ. ಭಾನುವಾರ ಮಾತ್ರ ಕುಡಿಯುತ್ತೇನೆ ಎಂದು ಟೀಚರ್ ಹೇಳಿದ್ದು ಅಕ್ಷರಶಃ ನಿಜ. ಗಣಿತದವರ ಲೆಕ್ಕವನ್ನು ಅನುಮಾನಿಸಿದ್ದು ನನ್ನದೇ ತಪ್ಪು.

ಭೇದಿಯ ಕಾರಣ ತಂಗಿಯ ಮೆಗ್ನೀಸಿಯಂ ಡಬ್ಬಿಯ ಹಿಂಬದಿಯಲ್ಲಿತ್ತು. ಮುಂದೆ ದೊಡ್ಡದಾಗಿ 400 ಮಿ.ಗ್ರಾಂ., ಹಿಂದೆ ಸಣ್ಣಕ್ಷರದಲ್ಲಿ "ಒಂದು ಸರ್ವಿಂಗ್ ಎಂದರೆ ಎರಡು ಮಾತ್ರೆ". ಇವರು ಬೆಳಗ್ಗೆ ಎರಡು, ರಾತ್ರಿ ಎರಡು ನುಂಗುತ್ತಿದ್ದರು, ಒಟ್ಟು 800. ಪೂರಕದ ರೂಪದಲ್ಲಿ ದಿನಕ್ಕೆ 350 ದಾಟಬಾರದು ಎಂಬುದು ಆ ದೇಶದ್ದೇ ಮಿತಿ. ಮೆಗ್ನೀಸಿಯಂ ಕರುಳಿನೊಳಕ್ಕೆ ನೀರು ಎಳೆಯುತ್ತದೆ. ಆಕ್ಸೈಡ್, ಸಿಟ್ರೇಟ್ ರೂಪಗಳಂತೂ ಭೇದಿ ಔಷಧಿಯೇ. ಬಿ-100ರ ವಿಷಯ ಇನ್ನೊಂದು. ಅದರಲ್ಲಿ ಬಿ6 ನೂರು ಮಿ.ಗ್ರಾಂ. ದೇಹಕ್ಕೆ ದಿನಕ್ಕೆ ಬೇಕಾದ್ದು ಎರಡರ ಆಸುಪಾಸು. ನೀರಿನಲ್ಲಿ ಕರಗುವ ವಿಟಮಿನ್, ಹೆಚ್ಚಾದರೆ ಹೊರಹೋಗುತ್ತದೆ ಎಂಬ ಧೈರ್ಯ ಬಿ6ಗೆ ಸಲ್ಲುವುದಿಲ್ಲ. ತಿಂಗಳುಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ನುಂಗಿದರೆ ಕೈಕಾಲಿನ ನರಗಳೇ ಕೆಡುತ್ತವೆ, ಪಾದ ಜೋಮು ಹಿಡಿಯುತ್ತದೆ. ಯೂರೋಪಿನವರು 2023ರಲ್ಲಿ ಮಿತಿಯನ್ನು ದಿನಕ್ಕೆ 12 ಮಿ.ಗ್ರಾಂ.ಗೆ ಇಳಿಸಿದ್ದಾರೆ. ಇವರಿಗೆ ಜೋಮು ಬಂದಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸುತ್ತಿತ್ತು, ಅಷ್ಟು. ಎರಡೂ ಡಬ್ಬಿ ಮುಚ್ಚಿಸಿದೆ. ಮೂರು ದಿನದಲ್ಲಿ ಭೇದಿ ನಿಂತಿತು, ವಾಕರಿಕೆ ತಗ್ಗಿತು.

ಒಮೆಗಾ-3 ಡಬ್ಬಿಯಿಂದ ಅವರಿಗೆ ತೊಂದರೆ ಆದದ್ದು ಹೊಟ್ಟೆಗಲ್ಲ. "ಇದು ಮೀನೆಣ್ಣೆ ಅಲ್ವಾ?" ಎಂದು ನಾನು ಬಾಯಿತಪ್ಪಿ ಅಂದದ್ದೇ ತಡ, ದಂಪತಿ ಮುಖ ಮುಖ ನೋಡಿಕೊಂಡರು. ಈರುಳ್ಳಿಯನ್ನೂ ಲೆಕ್ಕ ಹಾಕಿ ತಿನ್ನುವ ಮನೆ. ನಮ್ಮ ಡಬ್ಬಿಗಳ ಮೇಲೆ ಹಸಿರು ಚುಕ್ಕೆ ನೋಡಿ ರೂಢಿ, ಅಲ್ಲಿಯದರ ಮೇಲೆ ಆ ಗುರುತು ಇರುವುದಿಲ್ಲ. "ಅತ್ತೆಗೆ ಹೇಳ್ಬೇಡಿ" ಎಂದಷ್ಟೇ ಟೀಚರ್ ಗಂಡನಿಗೆ ಹೇಳಿದರು. ಏಳು ವಾರದಲ್ಲಿ ಅವತ್ತು ಮೊದಲ ಸಲ ನಕ್ಕದ್ದಂತೆ.

ಆದರೆ ತೂಕಡಿಕೆ, ತಲೆ ಸುತ್ತು, ಮಂಜು ಜಗ್ಗಲಿಲ್ಲ. ಸ್ಕ್ಯಾನ್ ನಾರ್ಮಲ್, ಕ್ಯಾಲ್ಸಿಯಂ ನಾರ್ಮಲ್, ಡಬ್ಬಿಗಳು ಬಂದ್. ಮತ್ತೆ ಅದೇ ಕವರನ್ನು ಸುರಿಸಿ ಈ ಸಲ ಒಂದೊಂದೇ ಎತ್ತಿ ನೋಡಿದೆ. ಅಂಗಡಿಯವರ ಅರ್ಧ ಶೀಟು ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ದು. ಹೊಳೆಯುವ ಬೆನ್ನಿನ ಮೇಲೆ ಉಳಿದಿದ್ದು "ಮಿಥೈಲ್‌ಕೋಬಾ" ಎನ್ನುವಷ್ಟು ಅಕ್ಷರ, ಕೆಳಗಿನ ಅಂಚಿನಲ್ಲಿ "75". ಮೊದಲ ದಿನ ಇದನ್ನು ನೋಡಿಯೂ ಇದ್ದೆ. ಮಿಥೈಲ್‌ಕೋಬಾಲಮಿನ್ ಅಂದರೆ ಬಿ12. ಅದು 750 ಮೈಕ್ರೋಗ್ರಾಂನಲ್ಲಿ ಬರುತ್ತದೆ, ಸೊನ್ನೆ ಕತ್ತರಿಗೆ ಹೋಗಿದೆ ಎಂದುಕೊಂಡು ಪಕ್ಕಕ್ಕೆ ಸರಿಸಿದ್ದೆ. ಅಂಗಡಿಯಲ್ಲಿ ಉಳಿದ ಅರ್ಧದ ಫೋಟೋ ತೆಗೆದು ಕಳಿಸಿ ಎಂದು ಗಂಡನಿಗೆ ಹೇಳಿದೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರದಲ್ಲಿ ಹೆಸರು ಪೂರ್ತಿ ಇತ್ತು: ಪ್ರಿಗ್ಯಾಬಲಿನ್ 75 ಮಿ.ಗ್ರಾಂ., ಮಿಥೈಲ್‌ಕೋಬಾಲಮಿನ್ 750 ಮೈಕ್ರೋಗ್ರಾಂ. 75ರ ಮುಂದೆ ಸೊನ್ನೆ ಇರಲೇ ಇಲ್ಲ.

ಪ್ರಿಗ್ಯಾಬಲಿನ್ ವಿಟಮಿನ್ ಅಲ್ಲ. ನರದ ಉರಿನೋವಿಗೆ, ಕೆಲವು ಬಗೆಯ ಫಿಟ್ಸಿಗೆ ಕೊಡುವ ಔಷಧಿ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದರ ಸಾಮಾನ್ಯ ಅಡ್ಡಪರಿಣಾಮಗಳನ್ನು ಓದಿ: ತಲೆ ಸುತ್ತು, ತೂಕಡಿಕೆ, ಕಣ್ಣು ಮಂಜು, ಗಮನ ನಿಲ್ಲದಿರುವುದು. ಕನ್ಕಷನ್ನಿನ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳಲಾಗದು. ಟೀಚರ್ ಅದನ್ನು ಶುರು ಮಾಡಿದ್ದು ನಾಲ್ಕನೇ ವಾರದ ಸೋಮವಾರ. ಸುಸ್ತು ಹೆಚ್ಚಾದಷ್ಟೂ "ನರ ವೀಕ್ ಆಗಿದೆ" ಎಂದು ಒಂದು ಹೊತ್ತೂ ತಪ್ಪಿಸದೆ ನುಂಗಿದ್ದರು. ಅಂಗಡಿಯವರ ಮೇಲೆ ರೇಗಬೇಕು ಅನ್ನಿಸಿತು. ಆದರೆ ಅರ್ಧ ಶೀಟು ಕೇಳುವವರು ನಾವೇ, ಕತ್ತರಿ ಹಾಕುವುದು ಅದಕ್ಕೇ. ಅದೂ ಅಲ್ಲದೆ ಏಳು ವರ್ಷ ಓದಿದ ನಾನೇ ಆ ಅರ್ಧವನ್ನು ನೋಡಿ ವಿಟಮಿನ್ ಅಂದುಕೊಂಡಿದ್ದೆನಲ್ಲ.

ಗೊತ್ತಾದ ತಕ್ಷಣ ಎಸೆಯಲು ಹೊರಟವರನ್ನು ತಡೆದೆ. ವಾರಗಟ್ಟಲೆ ತೆಗೆದುಕೊಂಡ ಪ್ರಿಗ್ಯಾಬಲಿನ್ನನ್ನು ಗಕ್ಕನೆ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ತಲೆನೋವು, ಕಳವಳ ಬರಬಹುದು. ಅದನ್ನೂ ಪೆಟ್ಟಿನ ಲೆಕ್ಕಕ್ಕೆ ಬರೆದು ಮತ್ತೊಂದು ಸುತ್ತು ಶುರುವಾಗುತ್ತದೆ. ಬೆಳಗಿನದು ಬಿಡಿಸಿ, ರಾತ್ರಿಯದನ್ನು ಇನ್ನೊಂದು ವಾರ ಮುಂದುವರಿಸಿ ಆಮೇಲೆ ನಿಲ್ಲಿಸಿದೆವು. ಅಷ್ಟರಲ್ಲಿ ಬೇರೆ ಏನನ್ನೂ ಬದಲಿಸುವ ಹಾಗಿಲ್ಲ, ಒಂದು ಸಲಕ್ಕೆ ಒಂದೇ ಎಂದು ಕರಾರು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಏನಾಯಿತು ಎಂದು ಯಾವ ಕಾಲಕ್ಕೂ ತಿಳಿಯುವುದಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡಿ ಅಂದಿದ್ದೆ. ಅವರು ತಂದದ್ದು ಗ್ರಾಫ್ ಹಾಳೆ. ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ಸೊನ್ನೆಯಿಂದ ಹತ್ತು. ತೂಕಡಿಕೆಗೆ ನೀಲಿ ಪೆನ್ನು, ತಲೆನೋವಿಗೆ ಕೆಂಪು, ತಲೆ ಸುತ್ತಿಗೆ ಪೆನ್ಸಿಲ್. ಮಾತ್ರೆ ಬಿಟ್ಟ ದಿನಗಳಲ್ಲಿ ಸ್ಕೇಲಿಟ್ಟು ಎಳೆದ ಲಂಬ ಗೆರೆ. ಬೆಳಗಿನ ಮಾತ್ರೆ ನಿಂತ ಮೂರನೇ ದಿನಕ್ಕೆ ನೀಲಿ ಗೆರೆ ಎಂಟರಿಂದ ನಾಲ್ಕಕ್ಕೆ ಇಳಿದಿತ್ತು. ರಾತ್ರಿಯದು ನಿಂತ ಮೇಲೆ ಎರಡು ರಾತ್ರಿ ನಿದ್ದೆ ಬಾರದೆ ಕೆಂಪು ಗೆರೆ ಸ್ವಲ್ಪ ಎದ್ದು ಮತ್ತೆ ಮಲಗಿತ್ತು. ಪೆನ್ಸಿಲ್ ಗೆರೆ ಮಾತ್ರ ಅರ್ಧಕ್ಕೆ ಇಳಿದು ಅಲ್ಲೇ ನಿಂತಿತ್ತು, ನಡುನಡುವೆ ಸೂಜಿಯಂತೆ ಮೇಲೆದ್ದು.

ಆ ಸೂಜಿಗಳು ಯಾವಾಗ ಬಂದವು ಎಂದು ಕೇಳಿದೆ. "ಬಲಮಗ್ಗುಲಿಗೆ ತಿರುಗಿದಾಗ. ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದಾಗ." ನಮ್ಮ ಭಾಷೆಯಲ್ಲಿ ತಲೆ ಸುತ್ತು ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆ ಅಡಗಿರುತ್ತವೆ: ಕಣ್ಣು ಕತ್ತಲಿಡುವುದು, ತೇಲಿದಂತಾಗುವುದು, ಓಲಾಡುವುದು, ಮನೆಯೇ ಗಿರಗಿರ ತಿರುಗುವುದು. ತೇಲುವುದು ಪ್ರಿಗ್ಯಾಬಲಿನ್ ಜೊತೆ ಹೋಗಿತ್ತು. ಉಳಿದದ್ದು ತಿರುಗುವುದು. ಮಂಚದ ಮೇಲೆ ಕೂರಿಸಿ, ಕತ್ತನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ತಲೆ ಅಂಚಿನಿಂದ ತುಸು ಕೆಳಗೆ ಬರುವಂತೆ ಸರ್ರನೆ ಮಲಗಿಸಿದೆ. ಕೆಲವು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ತಿರುಚಿಕೊಂಡು ಬಡಿಯತೊಡಗಿತು, ಅವರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು. ಒಳಗಿವಿಯಲ್ಲಿ ಸಮತೋಲನಕ್ಕೆಂದು ಇರುವ ಸುಣ್ಣದ ಹರಳುಗಳು ಪೆಟ್ಟಿಗೆ ಸಡಿಲಗೊಂಡು, ಹೋಗಬಾರದ ಕೊಳವೆಗೆ ಸೇರಿಕೊಂಡಿದ್ದವು. ತಲೆಗೆ ಪೆಟ್ಟಾದವರಲ್ಲಿ ಇದು ಮಾಮೂಲು, ಯಾವ ವಿಟಮಿನ್ನಿಗೂ ಬಗ್ಗುವುದಿಲ್ಲ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸುತ್ತಾ, ಒಂದೊಂದು ಭಂಗಿಯಲ್ಲಿ ಅರ್ಧ-ಒಂದು ನಿಮಿಷ ನಿಲ್ಲಿಸುವ ಎಪ್ಲಿ ವಿಧಾನದಿಂದ ಹರಳು ಹಿಂದಕ್ಕೆ ಜಾರುತ್ತದೆ. ಅವತ್ತು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಮಾಡಿದೆ. ಪೆನ್ಸಿಲ್ ಗೆರೆ ನೆಲಕ್ಕಿಳಿಯಿತು.

ಎಲ್ಲ ವಿಟಮಿನ್ನುಗಳನ್ನೂ ಬಿಡಿಸಲಿಲ್ಲ. ಬಿ12 ನೋಡೋಣ ಎಂದು ಪರೀಕ್ಷೆಗೆ ಕಳಿಸುವುದು ವ್ಯರ್ಥವಾಗಿತ್ತು. ತಿಂಗಳಿಂದ ನುಂಗುತ್ತಿರುವಾಗ ರಕ್ತದಲ್ಲಿ ಅದು ತುಂಬಿಯೇ ಇರುತ್ತದೆ. ಹಳೆಯ ಫೈಲು ತರಿಸಿದೆ. ಬೀಳುವ ಮೊದಲಿನ ವರ್ಷ ಶಿಬಿರವೊಂದರಲ್ಲಿ ಮಾಡಿಸಿದ ರಿಪೋರ್ಟಿನಲ್ಲಿ ಬಿ12 162, ವಿಟಮಿನ್ ಡಿ 14. ಎರಡೂ ಕಡಿಮೆ, ಯಾರೂ ಗಮನಿಸಿರಲಿಲ್ಲ. ಹಾಗಾಗಿ ಬೇರೇನೂ ಬೆರೆಯದ ಬರೀ ಬಿ12 ಮಾತ್ರೆ ದಿನಕ್ಕೊಂದು, ಡಿ3 ಎಂಟು ಭಾನುವಾರ ಮುಗಿಯುವವರೆಗೆ. ಇವು ಇದ್ದ ಕೊರತೆಗೆ, ಒಳಪೆಟ್ಟಿಗಲ್ಲ ಎಂದು ಚೀಟಿಯಲ್ಲೇ ಬರೆದೆ. ಪ್ಯಾರಾಸಿಟಮಾಲ್ ವಾರಕ್ಕೆ ಎರಡು ದಿನ ಮೀರಬಾರದು. ತಿಂಗಳಲ್ಲಿ ಹದಿನೈದು ದಿನ, ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯೇ ತಲೆನೋವು ಹುಟ್ಟಿಸುತ್ತದೆ, ಇವರು ಆ ದಾರಿಯಲ್ಲೇ ಇದ್ದರು. ಬೆಳಗ್ಗೆ ತೋಟದ ದಾರಿಯಲ್ಲಿ ಇಪ್ಪತ್ತು ನಿಮಿಷ ನಡಿಗೆ. ಅತ್ತೆಯ ಕೈ ಸುಮ್ಮನಿರದು ಎಂದು ಗೊತ್ತಿದ್ದರಿಂದ ಒಂದೆಲಗದ ತಂಬುಳಿ ಎಷ್ಟು ಬೇಕಾದರೂ ಮಾಡಿ ಹಾಕಿ ಅಂದೆ. ಮೊಸರಿಗೆ ಹೊರಬರಲು ಅದರಿಂದ ಅವಕಾಶವಾಯಿತು.

ಹದಿನಾಲ್ಕನೇ ವಾರ ಬಂದಾಗ ಒಬ್ಬರೇ ಬಂದಿದ್ದರು, ಬಸ್ಸಿನಲ್ಲಿ. ದಿನಕ್ಕೆ ನಾಲ್ಕು ಪೀರಿಯಡ್ ನಡೆಯುತ್ತಿದೆ. ಶಾಲೆಯಲ್ಲಿ ಮೈಕ್ ಹಾಕಿದ ದಿನ ಕೆಂಪು ಗೆರೆ ಈಗಲೂ ಐದಕ್ಕೆ ಏರುತ್ತದೆ. ಅದಕ್ಕೆ ನನ್ನ ಬಳಿ ಮಾತ್ರೆ ಇಲ್ಲ, ಸ್ಟಾಫ್ ರೂಮಿನ ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷ ಕೂರುವುದನ್ನು ಅವರೇ ಕಂಡುಕೊಂಡಿದ್ದಾರೆ. ಹೊರಡುವಾಗ ಬ್ಯಾಗಿನಿಂದ ಮೆಗ್ನೀಸಿಯಂ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಇನ್ನೂ ಮುಕ್ಕಾಲು ಇದೆ.

"ಅತ್ತೆಗೆ ಹೊಟ್ಟೆ ಸರಿಯಾಗಿ ಹೋಗಲ್ಲ ಡಾಕ್ಟ್ರೇ. ದಿನಕ್ಕೊಂದು ಕೊಟ್ರೆ ಆಗುತ್ತಾ?"

ಅತ್ತೆಗೆ ವಯಸ್ಸು ಎಪ್ಪತ್ತಾರು, ಶುಗರಿದೆ, ಕಿಡ್ನಿ ಹೇಗಿದೆಯೋ ಯಾರೂ ನೋಡಿಲ್ಲ. ಕಿಡ್ನಿ ಸೋತಿದ್ದರೆ ಮೆಗ್ನೀಸಿಯಂ ಮೈಯಲ್ಲೇ ಉಳಿದು ಏರುತ್ತದೆ. ಡಬ್ಬಿಯನ್ನು ನನ್ನ ಡ್ರಾಯರಿಗೆ ಹಾಕಿ, ಕ್ರಿಯಾಟಿನಿನ್ ಪರೀಕ್ಷೆಗೆ ಚೀಟಿ ಬರೆದುಕೊಟ್ಟೆ.